ಹೊರೆಗಲ್ಲಿನ ದೊಡ್ಡಲಕ್ಷ್ಮಮ್ಮ

ದೊಡ್ಡಲಕ್ಷ್ಮಮ್ಮ ತಲೆ ಮೇಲೆ ಮಂಕರಿ ಹೊತ್ತು ಹೊನ್ನಕಟ್ಟೆಪಾಳ್ಯದಿಂದ ಮಾಗಡಿ ಪೇಟೆಗೆ ನಡೆಯಲು ಶುರು ಮಾಡಿದ್ದು ಮದುವೆಯಾದ ಮೂರನೇ ತಿಂಗಳಲ್ಲಿ. ಆಗ ಆಕೆಗೆ ಹದಿನೇಳು. ಈಗ ಐವತ್ತೊಂಬತ್ತು. ನಡುವೆ ಎರಡು ಹೆರಿಗೆ, ಒಂದು ಗರ್ಭಕೋಶದ ಆಪರೇಷನ್ನು, ಅತ್ತೆ ಮಾವಂದಿರ ಸಾವು, ಮಗಳ ಮದುವೆ, ಇಷ್ಟನ್ನು ಬಿಟ್ಟರೆ ಆ ನಡಿಗೆ ನಿಂತಿದ್ದಿಲ್ಲ.

ಗಂಡ ಬೀರಲಿಂಗಯ್ಯ ಕುರಿ ಕಾಯುವವನು. ಬೆಳಗಾದರೆ ಕುರಿಗಳ ಹಿಂದೆ ಗುಡ್ಡ ಹತ್ತಿದರೆ ಸಂಜೆಗೇ ಮುಖ ತೋರಿಸುವುದು. ಇರುವ ಎರಡು ತುಂಡು ಹೊಲದಲ್ಲಿ ಬೆಳೆದಿದ್ದನ್ನು ಪೇಟೆಗೆ ಮುಟ್ಟಿಸುವುದು ದೊಡ್ಡಲಕ್ಷ್ಮಮ್ಮನ ಪಾಲಿನ ಕೆಲಸ. ಮಳೆಗಾಲದಲ್ಲಿ ಸೊಪ್ಪು, ಚಳಿಗಾಲದಲ್ಲಿ ಅವರೆಕಾಯಿ, ಬೇಸಿಗೆಯಲ್ಲಿ ಹುಣಸೆಹಣ್ಣು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಪಾಳ್ಯದ ಹೆಣ್ಣುಮಕ್ಕಳೆಲ್ಲ ಬಸ್ಸು ಹತ್ತಿದರು. ಆದರೆ ಬಸ್ಸು ಬರುತ್ತಿದ್ದುದು ಒಂಬತ್ತಕ್ಕೆ. ಪೇಟೆಯ ಅಂಗಡಿಯವರು ಕಾಯಿ ಸೊಪ್ಪು ಇಳಿಸಿಕೊಳ್ಳುತ್ತಿದ್ದುದು ಆರೂವರೆಗೆ. ಒಂಬತ್ತರ ಬಸ್ಸಿನಲ್ಲಿ ಹೋದ ಸೊಪ್ಪು ಬಾಡಿ, ಕುರಿಗೆ ಹಾಕಲು ವಾಪಸ್ಸು ಬರಬೇಕಾಗುತ್ತಿತ್ತು. ಹಾಗಾಗಿ ಆಕೆ ನಡೆದೇ ಹೋಗುತ್ತಿದ್ದಳು. ಮೂರು ಮೈಲಿ. ಮೊದಲೆರಡು ಮೈಲಿ ಸಮತಟ್ಟು, ಕೊನೆಯದು ಏರು.

ಆ ಏರು ಮುಗಿಯುವಲ್ಲಿ, ಪೇಟೆಯ ಮೊದಲ ಮನೆಗಳು ಕಾಣುವ ಜಾಗದಲ್ಲಿ, ಹೊರೆಗಲ್ಲು ಇತ್ತು. ನೆಟ್ಟಗೆ ಹೂತ ಎರಡು ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಹೆಂಗಸಿನ ಭುಜದಷ್ಟು ಎತ್ತರ, ಅಷ್ಟೇ. ನೋಡಿದವರಿಗೆ ಅದೇನೂ ಅಲ್ಲ. ಹೊರೆ ಹೊತ್ತವರಿಗೆ ಮಾತ್ರ ಗೊತ್ತು. ತುಂಬಿದ ಮಂಕರಿಯನ್ನು ತಲೆಯಿಂದ ಇಳಿಸಲು ಇನ್ನೊಬ್ಬರ ಕೈ ಬೇಕು, ಮತ್ತೆ ತಲೆಗೆ ಏರಿಸಲೂ ಬೇಕು. ದಾರಿಯಲ್ಲಿ ಯಾರೂ ಸಿಗದಿದ್ದರೆ ಕತ್ತು ಮುರಿದರೂ ಹೊತ್ತೇ ಇರಬೇಕು. ಹೊರೆಗಲ್ಲಿನ ಹತ್ತಿರ ಮಾತ್ರ ಒಬ್ಬಳೇ ಒಸಿ ಮೊಣಕಾಲು ಬಗ್ಗಿಸಿ ಮಂಕರಿಯನ್ನು ಚಪ್ಪಡಿ ಮೇಲೆ ಸರಿಸಿಬಿಡಬಹುದು. ಸುಧಾರಿಸಿಕೊಂಡ ಮೇಲೆ ಹಾಗೇ ಬಗ್ಗಿ ತಲೆಗೆ ಎಳೆದುಕೊಂಡು ಹೊರಡಬಹುದು. ಯಾರನ್ನೂ ಕರೆಯಬೇಕಿಲ್ಲ.

ಅಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವ ಕಾಲು ಗಂಟೆ ದಿನದಲ್ಲಿ ದೊಡ್ಡಲಕ್ಷ್ಮಮ್ಮನದೇ ಅನ್ನುವಂಥ ಹೊತ್ತು. ಮನೆಯವರದೂ ಅಲ್ಲ, ಅಂಗಡಿಯವರದೂ ಅಲ್ಲ. ಮಗಳು ಗುಡೇಮಾರನಹಳ್ಳಿಗೆ ಮದುವೆಯಾಗಿ ಹೋದ ವಾರ ಆಕೆ ಅತ್ತಿದ್ದೂ ಅಲ್ಲೇ.

ಮೊದಲ ದಿನ ಆ ಕಲ್ಲನ್ನು ತೋರಿಸಿದವಳು ಅತ್ತೆ. ಮಂಕರಿ ಸರಿಸುವ ಮೊದಲು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. "ನೀನೂ ಮುಟ್ಟು," ಅಂದಿದ್ದಳು. ಹಿಂದೆ ಯಾವುದೋ ಕಾಲದಲ್ಲಿ ತುಂಬು ಬಸುರಿಯೊಬ್ಬಳು ರಾಗಿ ಮೂಟೆ ಹೊತ್ತು ಈ ಏರು ಹತ್ತುತ್ತಿದ್ದಳಂತೆ. ಉರಿಬಿಸಿಲು, ದಾರಿಯಲ್ಲಿ ನರಪಿಳ್ಳೆ ಇಲ್ಲ. ಅರ್ಧ ದಾರಿಗೆ ನೋವು ಕಾಣಿಸಿಕೊಂಡಿತು. ಮೂಟೆ ಕೆಡವಿದರೆ ರಾಗಿ ಮಣ್ಣುಪಾಲು, ಮನೆಗೆ ಹೋದರೆ ಬೈಗುಳ. ಯಾರಾದರೂ ಬಂದು ಇಳಿಸಿಯಾರು ಅಂತ ಕಾದು ಕಾದು, ಹೊತ್ತುಕೊಂಡೇ ಕುಸಿದು ಸತ್ತಳು. ಅವಳ ಅಣ್ಣ ಬಂದು ಅದೇ ಜಾಗದಲ್ಲಿ ಈ ಕಲ್ಲು ನಿಲ್ಲಿಸಿದ.

"ಅವಳ ಹೆಸರೇನತ್ತೆ?" ಅಂತ ಹೊಸ ಸೊಸೆ ಕೇಳಿದ್ದಳು.

"ಯಾರ್ಗೊತ್ತು? ನಮ್ಮತ್ತೇನೂ ಹೇಳ್ಲಿಲ್ಲ. ಬಸುರಿ ಕಲ್ಲು ಅಂತಾರೆ, ಅಷ್ಟೆ."

ರಸ್ತೆ ಅಗಲ ಮಾಡುತ್ತಾರೆ ಅನ್ನುವ ಮಾತು ನಾಲ್ಕೈದು ವರ್ಷದಿಂದ ಇತ್ತು. ಬಂದವರು ಮರಗಳಿಗೆ ನಂಬರು ಬರೆದು ಹೋದರು, ಮತ್ತೆ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒಂದು ಅವರೆಕಾಯಿ ಕಾಲದಲ್ಲಿ ಕೆಲಸ ಇದ್ದಕ್ಕಿದ್ದಂತೆ ಶುರುವಾಯಿತು. ಒಂದು ಬೆಳಿಗ್ಗೆ ದೊಡ್ಡಲಕ್ಷ್ಮಮ್ಮ ಏರು ಹತ್ತಿ ಬಂದು ಕಲ್ಲಿನ ಕಡೆ ತಿರುಗಿದರೆ ಅಲ್ಲಿ ಕೆಂಪು ಮಣ್ಣಿನ ಗುಂಡಿ. ಜೆಸಿಬಿಯ ಹಲ್ಲಿನ ಗೀರುಗಳು ಇನ್ನೂ ಹಸಿಯಾಗಿದ್ದವು.

ಮಂಕರಿ ತುಂಬ ಅವರೆ. ಇಳಿಸಲು ಜಾಗವಿಲ್ಲ. ಸುಮ್ಮನೆ ನಿಂತಳು. ಎರಡು ಬೈಕು ಹೋದವು, ಒಂದು ಹಾಲಿನ ವ್ಯಾನು ಹೋಯಿತು, ಯಾರೂ ನಿಲ್ಲಿಸಲಿಲ್ಲ. ಕೈ ಅಡ್ಡ ಹಾಕಲು ಆಕೆಗೂ ತೋಚಲಿಲ್ಲ. ಎಷ್ಟು ಹೊತ್ತಾಯಿತೋ, ಕೊನೆಗೆ ಕಾಲು ತಾನಾಗೇ ಪೇಟೆ ಕಡೆ ನಡೆಯಿತು.

ಸೊಪ್ಪಿನ ಅಂಗಡಿಯ ಕರೀಮುನ್ನೀಸಾ ಓಡಿ ಬಂದು ಮಂಕರಿಗೆ ಕೈ ಕೊಟ್ಟಳು. ಇಬ್ಬರದೂ ಇಪ್ಪತ್ತು ವರ್ಷದ ಒಡನಾಟ.

"ಏನಕ್ಕಾ, ಕತ್ತೆಲ್ಲಾ ನಡುಗ್ತಾ ಐತೆ. ಕೂತ್ಕೋ, ಒಸಿ ನೀರು ಕುಡಿ."

"ಹೊರೆಗಲ್ಲು ಕಿತ್ತಾಕವ್ರೆ ಕಣವ್ವ."

ಕರೀಮುನ್ನೀಸಾ ನೀರಿನ ಚೊಂಬು ಕೈಗೆ ಕೊಟ್ಟಳು. ಆಮೇಲೆ ಅಳುಕುತ್ತ ಕೇಳಿದಳು: "ನಿನ್ಗೆ ಗೊತ್ತಿರ್ಲಿಲ್ವಾ? ನಿನ್ನೆ ಸಂಜೆ ಕಿತ್ರಲ್ಲ. ಗಾಡಿ ಓಡಿಸ್ತಿದ್ದಿದ್ದು ನಿಮ್ ಬೈರೇಶನೇ ಅಲ್ವಾ?"

ಬೈರೇಶ ದೊಡ್ಡಲಕ್ಷ್ಮಮ್ಮನ ಮಗ. ಆರು ವರ್ಷದಿಂದ ಕಂಟ್ರಾಕ್ಟರೊಬ್ಬರ ಹತ್ತಿರ ಜೆಸಿಬಿ ಓಡಿಸುತ್ತಿದ್ದ. ಹಿಂದಿನ ರಾತ್ರಿ ಅಮ್ಮನ ಪಕ್ಕದಲ್ಲೇ ಕೂತು ಮುದ್ದೆ ಉಂಡು, ಒಂದು ಮಾತೂ ಆಡದೆ ಎದ್ದು ಹೋಗಿದ್ದ.

ಸಂಜೆ ಅವನು ಮನೆಗೆ ಬಂದಾಗ ದೊಡ್ಡಲಕ್ಷ್ಮಮ್ಮ ಜಗುಲಿ ಮೇಲೆ ಕೂತಿದ್ದಳು. ಜಗಳ ಮಾಡಲು ಬೇಕಾದ ಕಸುವು ಮೈಯಲ್ಲಿ ಇರಲಿಲ್ಲ.

"ನೀನೇನ್ಲಾ ಕಿತ್ತಿದ್ದು?"

ಬೈರೇಶ ಚಪ್ಪಲಿ ಬಿಡುತ್ತ ಅಲ್ಲೇ ನಿಂತ. "ನಾನಲ್ದಿದ್ರೆ ಇನ್ನೊಬ್ಬ ಕೀಳ್ತಿದ್ದ ಕಣವ್ವ. ಬೇರೆಯೋರಾಗಿದ್ರೆ ಬಕೆಟ್ಟಲ್ಲಿ ಗುದ್ದಿ ಪುಡಿ ಮಾಡೋರು. ನಾನು ಸುತ್ತ ಮಣ್ಣು ತೆಗ್ದು, ಹಗ್ಗ ಕಟ್ಟಿ ಮಲಗ್ಸಿದ್ದೀನಿ. ಮೂರೂ ಕಲ್ಲು ಮೋರಿ ಪಕ್ಕ ಅವೆ. ಒಂದು ಚೂರೂ ಮುಕ್ಕಾಗಿಲ್ಲ."

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಂದು ಗಾಡಿ ಮುಂದೆ ನಿಂತ್ಕೊಂಬುಡ್ತಿದ್ದೆ. ಆಗ ನಾನೇನ್ ಮಾಡ್ಲಿ?"

ತಾನು ನಿಜವಾಗಿ ಹೋಗಿ ನಿಲ್ಲುತ್ತಿದ್ದೆನೇ? ದೊಡ್ಡಲಕ್ಷ್ಮಮ್ಮನಿಗೇ ಖಾತ್ರಿಯಿರಲಿಲ್ಲ. ಬಹುಶಃ ಒಂದು ಗಳಿಗೆ ನೋಡಿ, ಮಂಕರಿ ಹೊತ್ತುಕೊಂಡು ಮುಂದೆ ಹೋಗಿಬಿಡುತ್ತಿದ್ದಳು. ಮಗ ತನ್ನನ್ನು ಅಷ್ಟು ಗಟ್ಟಿಗಿತ್ತಿ ಅಂದುಕೊಂಡಿದ್ದಾನಲ್ಲ ಅನ್ನುವುದೇ ಆಕೆಗೆ ಸಂಕಟವಾಯಿತು.

ಆಮೇಲಿನ ತಿಂಗಳುಗಳಲ್ಲಿ ಮಂಕರಿ ಸಣ್ಣದಾಯಿತು. ಕೆಲವು ದಿನ ಬೈರೇಶ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ. ದೂರದ ಕೆಲಸವಿದ್ದರೆ ಅದೂ ಇಲ್ಲ. ಕೂರುವ ಜಾಗ ಹೋದ ಮೇಲೆ ಆ ಏರು ಮೊದಲಿಗಿಂತ ಉದ್ದವಾದಂತೆ ಅನ್ನಿಸುತ್ತಿತ್ತು.

ಶಂಭುಲಿಂಗ ಮೇಷ್ಟ್ರು ಪಾಳ್ಯಕ್ಕೆ ಬಂದಿದ್ದು ಶ್ರಾವಣದಲ್ಲಿ. ರಿಟೈರಾಗಿ ಪೇಟೆಯಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಹಣೆ ತುಂಬ ವಿಭೂತಿ, ಕೈಯಲ್ಲೊಂದು ನೋಟ್ ಪುಸ್ತಕ. ಮೋರಿ ಪಕ್ಕ ಪಾರ್ಥೇನಿಯಂ ನಡುವೆ ಬಿದ್ದಿದ್ದ ಕಲ್ಲುಗಳನ್ನು ನೋಡಿ, ಇದರ ಕಥೆ ಯಾರಿಗೆ ಗೊತ್ತು ಅಂತ ವಿಚಾರಿಸಿಕೊಂಡು, ಕರೀಮುನ್ನೀಸಾಳ ಮಾತು ಕೇಳಿ ಹುಡುಕಿಕೊಂಡು ಬಂದಿದ್ದರು. ದೊಡ್ಡಲಕ್ಷ್ಮಮ್ಮ ಅತ್ತೆ ಹೇಳಿದ್ದನ್ನು ಹೇಳಿದಳು. ಮೇಷ್ಟ್ರು ಒಂದಕ್ಷರ ಬಿಡದೆ ಬರೆದುಕೊಂಡರು.

"ಇದನ್ನ ಹಾಳಾಗೋಕೆ ಬಿಡೋದಿಲ್ಲ ಕಣಮ್ಮ," ಅಂದರು. "ರಸ್ತೆ ಕೂಡೋ ಜಾಗದಲ್ಲಿ ಒಂದು ಪಾರ್ಕು ಮಾಡ್ತಿದ್ದಾರೆ. ಅದಕ್ಕೊಂದು ಸೌಂದರ್ಯ ಸಮಿತಿ ಇದೆ, ನಾನೂ ಅದರ ಮೆಂಬರು. ಊರಿನ ಗುರುತಾಗಿ ಏನಾದ್ರೂ ನಿಲ್ಲಿಸಬೇಕು ಅಂತ ಎಲ್ಲರೂ ಹುಡುಕ್ತಾ ಇದ್ದಾರೆ. ಚನ್ನಪಟ್ಟಣ ಅಂದ್ರೆ ಗೊಂಬೆ, ರಾಮನಗರ ಅಂದ್ರೆ ರೇಷ್ಮೆ. ನಮ್ಮೂರ ಬಾಗಿಲಲ್ಲಿ ಈ ಕಲ್ಲು ನಿಲ್ಲಲಿ."

"ಹೊರೆ ಇಳಿಸಾಕೆ ಆಯ್ತದಾ ಮೇಷ್ಟ್ರೇ?"

ಮೇಷ್ಟ್ರು ನಕ್ಕರು. ಅದು ಯಾಕೆ ನಗುವ ಮಾತು ಅಂತ ದೊಡ್ಡಲಕ್ಷ್ಮಮ್ಮನಿಗೆ ತಿಳಿಯಲಿಲ್ಲ.

ಪಾರ್ಕಿನ ಉದ್ಘಾಟನೆಗೆ ಮೇಷ್ಟ್ರು ತಾವಾಗಿ ಹೇಳಿ ಕಳಿಸಿದರು. ದೊಡ್ಡಲಕ್ಷ್ಮಮ್ಮ ಮಗಳ ಮದುವೆಯಲ್ಲಿ ಉಟ್ಟ ಸೀರೆ ಉಟ್ಟು ಒಂಬತ್ತರ ಬಸ್ಸಿನಲ್ಲಿ ಹೋದಳು. ತಲೆ ಮೇಲೆ ಏನೂ ಇಲ್ಲದೆ ಪೇಟೆಗೆ ಹೋಗಿದ್ದು ಅಪರೂಪ. ಕೈಯನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಕಲ್ಲುಗಳಿಗೆ ಪಾಲಿಶ್ ಹಾಕಿದ್ದರು. ಕೆಳಗೆ ಟೈಲ್ಸಿನ ಕಟ್ಟೆ, ಸುತ್ತ ಸ್ಟೀಲಿನ ಕಂಬಿ, ನಾಲ್ಕು ಮೂಲೆಗೆ ಬಣ್ಣದ ಲೈಟು. ಎರಡೂ ಕಂಬಗಳ ಬುಡಕ್ಕೆ ಕಾಂಕ್ರೀಟು ಕೊಟ್ಟು ಎತ್ತರ ಮಾಡಿದ್ದರಿಂದ ಚಪ್ಪಡಿ ಈಗ ಆಳುದ್ದಕ್ಕಿಂತ ಮೇಲಿತ್ತು. ಪಕ್ಕದಲ್ಲಿ ಕರಿಕಲ್ಲಿನ ಬೋರ್ಡು, ಚಿನ್ನದ ಬಣ್ಣದ ಅಕ್ಷರ. ಭಾಷಣಗಳಾದವು, ಚಪ್ಪಾಳೆಯಾಯಿತು, ಜನ ಕಂಬಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಎಲ್ಲ ಕರಗಿದ ಮೇಲೆ ದೊಡ್ಡಲಕ್ಷ್ಮಮ್ಮ ಮೇಷ್ಟ್ರ ಹತ್ತಿರ ಹೋದಳು.

"ನಂಗೆ ಓದಕ್ಕೆ ಬರಾಕಿಲ್ಲ. ಬೋರ್ಡಲ್ಲಿ ಏನೈತೆ ಒಸಿ ಹೇಳಿ ಮೇಷ್ಟ್ರೇ. ಅವಳ ವಿಸ್ಯ ಬರ್ದವ್ರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಓದಿದರು. "ವಿಜಯ ತೋರಣ. ಯುದ್ಧ ಗೆದ್ದು ಮರಳಿದ ವೀರರನ್ನು ನಮ್ಮ ಪೂರ್ವಿಕರು ಆರತಿ ಎತ್ತಿ ಬರಮಾಡಿಕೊಂಡ ಹೆಬ್ಬಾಗಿಲು."

"ಯಾವ ಯುದ್ಧ?"

"ಅದು ಬರೆದಿಲ್ಲ," ಅಂದರು ಮೇಷ್ಟ್ರು. "ಸಮಿತಿಯಲ್ಲಿ ಹನ್ನೊಂದು ಜನ. ನಾನೊಬ್ಬ. ಬಸುರಿ ಸತ್ತ ಕಲ್ಲನ್ನ ಊರ ಬಾಗಿಲಲ್ಲಿ ನಿಲ್ಲಿಸೋದು ಅಪಶಕುನ ಅಂದ್ರು. ನಾಲ್ಕು ಮೀಟಿಂಗು ಜಗಳ ಆಡ್ದೆ ಕಣಮ್ಮ. ಕೊನೆಗೆ, ಕಲ್ಲಾದ್ರೂ ಉಳೀಲಿ ಅಂತ ಸಹಿ ಹಾಕ್ಬಿಟ್ಟೆ."

ದೊಡ್ಡಲಕ್ಷ್ಮಮ್ಮ ಮೇಲೆ ನೋಡಿದಳು. "ಮೊದ್ಲು ಇದು ನನ್ ಭುಜದ ಮಟ್ಟ ಇತ್ತು. ಗೆದ್ದು ಬಂದೋರು ಬಗ್ಗೊಂಡು ಒಳೀಕೆ ಬತ್ತಿದ್ರಾ?"

"ಅದಕ್ಕೇ ಎತ್ತರ ಮಾಡಿದ್ದು," ಅಂದರು ಮೇಷ್ಟ್ರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಮುಖ ನೋಡಿ ದೊಡ್ಡಲಕ್ಷ್ಮಮ್ಮನಿಗೆ ಪಾಪ ಅನ್ನಿಸಿತು. ಇವರೂ ಹೊತ್ತೂ ಹೊತ್ತೂ ಸುಸ್ತಾದವರೇ ಅಂದುಕೊಂಡಳು. ಕಂಬಿಯ ಹೊರಗಿನಿಂದಲೇ ಕೈ ಚಾಚಿದಳು. ಕಲ್ಲು ಸಿಗಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ಊರು ಆ ಹೆಸರಿಗೆ ಒಗ್ಗಿಕೊಂಡಿತು. ಬಸ್ಸಿನವರು "ತೋರಣ, ತೋರಣ" ಅಂತ ಕೂಗತೊಡಗಿದರು. ಒಂದು ಬೇಕರಿ, ಒಂದು ಮೊಬೈಲ್ ಅಂಗಡಿ, ಒಂದು ಕ್ರಿಕೆಟ್ ಟೀಮು ಅದೇ ಹೆಸರಿಟ್ಟುಕೊಂಡವು. ಹಳೇ ಕಲ್ಲಿನ ಹತ್ತಿರ ಸುಧಾರಿಸಿಕೊಂಡಿದ್ದ ಹೆಂಗಸರಲ್ಲಿ ಕೆಲವರು ಸತ್ತಿದ್ದರು, ಉಳಿದವರು ಹೊರೆ ಬಿಟ್ಟಿದ್ದರು. ಅವರಲ್ಲೇ ಒಬ್ಬಿಬ್ಬರು, "ಹೂಂ, ಯುದ್ಧ ಆಗಿತ್ತಂತೆ, ನಮ್ಮ ತಾತನೂ ಹೇಳ್ತಿದ್ದ," ಅನ್ನಲು ಶುರು ಮಾಡಿದರು. ದೊಡ್ಡಲಕ್ಷ್ಮಮ್ಮ ಮೊದಮೊದಲು "ಇಲ್ಲ ಕಣ್ರವ್ವ" ಅನ್ನುತ್ತಿದ್ದಳು. ಆಮೇಲೆ ಬಿಟ್ಟಳು. ಪ್ರತಿ ಸಲವೂ ಮೊದಲಿನಿಂದ ಹೇಳುವುದು ಯಾರಿಂದಾಗುತ್ತದೆ?

ಬೈರೇಶನ ಮಗಳು ಕುಸುಮ ಏಳನೇ ಕ್ಲಾಸು. ಒಂದು ಸಂಜೆ ಅವಳು ಅಂಗಳದಲ್ಲಿ ನಿಂತು ಕೈ ಬೀಸಿಕೊಂಡು ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ಶಾಲೆಯಲ್ಲಿ ಭಾಷಣದ ಸ್ಪರ್ಧೆ, ವಿಷಯ 'ನಮ್ಮ ಊರಿನ ಹೆಮ್ಮೆ'. "ರಣರಂಗದಲ್ಲಿ ಶತ್ರುಗಳನ್ನು ಸದೆಬಡಿದು ಬಂದ ನಮ್ಮ ವೀರರು ಈ ವಿಜಯ ತೋರಣದ ಮೂಲಕ..."

ಅವರೆಕಾಯಿ ಬಿಡಿಸುತ್ತಿದ್ದ ದೊಡ್ಡಲಕ್ಷ್ಮಮ್ಮನ ಕೈ ನಿಂತಿತು. "ಯಾರೇಳಿದ್ದು ಕೂಸೇ?"

"ಬೋರ್ಡಲ್ಲೇ ಐತಲ್ಲಜ್ಜಿ. ಕಲ್ಲಲ್ಲಿ ಕೆತ್ತವ್ರೆ."

ಭಾನುವಾರ ಬೆಳಿಗ್ಗೆ ಅಜ್ಜಿ ಕುಸುಮಳನ್ನು ಎಬ್ಬಿಸಿದಳು. ತನ್ನದೊಂದು ಮಂಕರಿ, ಅವಳಿಗೊಂದು ಚಿಕ್ಕ ಮಂಕರಿ. ಹಳೇ ಸೀರೆ ಚೂರನ್ನು ಸುತ್ತಿ ಸಿಂಬಿ ಮಾಡಿ ಹುಡುಗಿಯ ತಲೆ ಮೇಲಿಟ್ಟಳು. ಮೊದಲ ಮೈಲಿಯಲ್ಲಿ ಕುಸುಮ ಕೈ ಬಿಟ್ಟು ನಡೆಯುವ ಆಟ ಆಡಿದಳು. ಎರಡನೆಯದರಲ್ಲಿ ಮಾತು ನಿಂತಿತು. ಏರಿನಲ್ಲಿ ಏದುಸಿರು ಬಿಡತೊಡಗಿದಳು.

"ಅಜ್ಜಿ, ಇಳಿಸು."

"ನನ್ ತಲೆ ಮೇಲೂ ಐತಲ್ಲ, ಹೆಂಗೆ ಇಳಿಸ್ಲಿ? ಯಾರಾದ್ರೂ ಬತ್ತಾರೇನೋ ನೋಡವ, ನಡಿ."

ಯಾರೂ ಬರಲಿಲ್ಲ. ಏರು ಮುಗಿಯುವಲ್ಲಿ ಅಜ್ಜಿ ನಿಂತಳು. "ಅಜ್ಜೀ, ಕತ್ತು ಓಯ್ತದೆ," ಅಂತ ಹುಡುಗಿ ಅಳುವ ಹಾಗಾದಳು. ಅವಳ ಕತ್ತಿನ ನರ ಕುಣಿಯುವುದು ಕಾಣುತ್ತಿತ್ತು. ಇಷ್ಟು ಮಾಡಬಾರದಿತ್ತು ಅನ್ನಿಸಿ ದೊಡ್ಡಲಕ್ಷ್ಮಮ್ಮ ಒಂದು ಕೈಯಲ್ಲಿ ತನ್ನ ಮಂಕರಿ ಹಿಡಿದು ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತಳು. ನೆಲಕ್ಕೆ ಇಳಿಸುವಾಗ ಅದು ಓರೆಯಾಗಿ ಅರ್ಧ ಕಾಯಿ ಮಣ್ಣಿಗೆ ಬಿತ್ತು. ಆಮೇಲೆ ಎದ್ದು ಮೊಮ್ಮಗಳ ಹೊರೆ ಇಳಿಸಿದಳು. ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಕಾಯಿ ಆರಿಸುತ್ತಿದ್ದಾಗ ಅಜ್ಜಿ ಆ ಬಸುರಿಯ ಕಥೆ ಹೇಳಿದಳು. ಇದೇ ಜಾಗ ಅಂದಳು. ಕಲ್ಲು ಇಷ್ಟು ಎತ್ತರ ಇತ್ತು ಅಂತ ಭುಜ ಮುಟ್ಟಿ ತೋರಿಸಿದಳು.

ಕುಸುಮ ಬಹಳ ಹೊತ್ತು ಕತ್ತು ಉಜ್ಜಿಕೊಳ್ಳುತ್ತಲೇ ಇದ್ದಳು. "ಮಿಸ್‌ಗೆ ಹೇಳ್ತೀನಿ," ಅಂದಳು.

ಹೇಳಿದಳು ಕೂಡ. ಮಿಸ್ಸು ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರಂತೆ. ಆದರೆ ಜಡ್ಜುಗಳು ಸಮಿತಿಯವರೇ, ಬೋರ್ಡಿನಲ್ಲಿರುವುದನ್ನೇ ಹೇಳು ಪುಟ್ಟ ಅಂದರಂತೆ. ಕುಸುಮ ಬೋರ್ಡಿನಲ್ಲಿರುವುದನ್ನೇ ಹೇಳಿದಳು. ಎರಡನೇ ಬಹುಮಾನ ಬಂತು. ಸರ್ಟಿಫಿಕೇಟನ್ನು ಅಜ್ಜಿಯ ಮಡಿಲಿಗೆ ಹಾಕಿ ಗೋಡೆ ಕಡೆ ತಿರುಗಿ ನಿಂತಳು.

"ನಾನು ಸುಳ್ಳು ಹೇಳ್ಬುಟ್ಟೆ ಅಜ್ಜಿ."

"ಬುಡು ಕೂಸೇ. ದೊಡ್ಡ ದೊಡ್ಡೋರೇ ಹೇಳವ್ರೆ, ನೀನೇನು. ನಿಂಗೆ ದಿಟ ಗೊತ್ತಲ್ಲ, ಸಾಕು."

ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ ಬೈರೇಶನ ಕಿವಿಗೆ ಈ ಮಾತು ಬಿತ್ತು. ಅವನು ಒಳಗೆ ಬಂದು ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ಮುಂದಿನ ವಾರವೇ ಅವನು ಏರಿನ ತುದಿಯ ಹೊಲದ ಕಾಡಸಿದ್ದಪ್ಪನ ಮನೆಗೆ ಹೋಗಿ ಬಂದ. ಬದುವಿನಲ್ಲಿ ನಾಲ್ಕಡಿ ಜಾಗ ಕೇಳಿದ. ಕಾಡಸಿದ್ದಪ್ಪ, "ಅದ್ರಾಗೇನೈತೆ, ನಮ್ಮವ್ವನೂ ಅಲ್ಲೇ ಹೊರೆ ಇಳಿಸ್ತಿದ್ಳು," ಅಂದನಂತೆ. ಕ್ವಾರಿಯಲ್ಲಿ ಮೂಲೆ ಒಡೆದಿದೆ ಅಂತ ಬಿಸಾಕಿದ್ದ ಮೂರು ಕಲ್ಲು ಆರಿಸಿ, ಒಂದು ಭಾನುವಾರ ಬೈರೇಶ ಜೆಸಿಬಿ ತಂದು ಹೊಸ ಹೊರೆಗಲ್ಲು ನಿಲ್ಲಿಸಿಯೇ ಬಿಟ್ಟ. ಯಾವ ಪೂಜೆಯೂ ಇಲ್ಲ. ಮಧ್ಯಾಹ್ನ ಅಮ್ಮನನ್ನು ಬೈಕಿನಲ್ಲಿ ಕರೆತಂದು ತೋರಿಸಿದ.

ದೊಡ್ಡಲಕ್ಷ್ಮಮ್ಮ ಕಲ್ಲಿಗೆ ಬೆನ್ನು ಕೊಟ್ಟು ನಿಂತು ನೋಡಿದಳು. ಚಪ್ಪಡಿ ಕಿವಿಯ ಮೇಲಕ್ಕೆ ಬರುತ್ತಿತ್ತು.

"ಎತ್ತರ ಆಯ್ತು ಕಣ್ಲಾ. ಯಾರ್ ಅಳತೆ ತಗಂಡೆ?"

ಬೈರೇಶ ತನ್ನ ಭುಜ ಮುಟ್ಟಿಕೊಂಡು ನಾಚಿದ. "ನಂದೇ."

"ಹೊರೋಳು ನೀನಾ?"

ಮತ್ತೆ ಕೀಳಲು ಮನಸ್ಸಾಗಲಿಲ್ಲ. ಅವನು ಒಂದು ಬಕೆಟ್ಟು ಮಣ್ಣು ತಂದು ಮುಂದೆ ಸುರಿದು ಗಟ್ಟಿ ಮಾಡಿದ. ಅದರ ಮೇಲೆ ನಿಂತರೆ ಸರಿಯಾಯಿತು. ಅಂಥ ಸರಿಯೇನಲ್ಲ, ಮಳೆಗಾಲದಲ್ಲಿ ಮಣ್ಣು ಜಾರುತ್ತಿತ್ತು, ವರ್ಷಕ್ಕೊಮ್ಮೆ ಮತ್ತೆ ಹಾಕಬೇಕಾಗುತ್ತಿತ್ತು. ಏನಾದರೂ ಬರೆಸೋಣ ಅಂದಳು ಕುಸುಮ. ಏನಂತ ಬರೆಸುವುದು? ಸತ್ತವಳ ಹೆಸರೇ ಯಾರಿಗೂ ಗೊತ್ತಿಲ್ಲ. ಹಾಗೇ ಬಿಟ್ಟರು.

ಮಂಡಿ ನೋವಿನಿಂದ ದೊಡ್ಡಲಕ್ಷ್ಮಮ್ಮ ಈಗ ವಾರಕ್ಕೆ ಎರಡು ದಿನ ಮಾತ್ರ ಪೇಟೆಗೆ ಹೋಗುತ್ತಾಳೆ. ಆ ಕಲ್ಲಿನ ಮೇಲೆ ಮಂಕರಿ ಇಡುವವಳು ಬಹುತೇಕ ಅವಳೊಬ್ಬಳೇ. ಒಮ್ಮೊಮ್ಮೆ ಹುಲ್ಲಿನ ಹೊರೆಯವರು, ಒಮ್ಮೊಮ್ಮೆ ರಸ್ತೆ ಕೆಲಸಕ್ಕೆ ಬಂದ ಯಾವುದೋ ದೂರದೂರಿನ ಹೆಂಗಸರು ನೀರಿನ ಬಿಂದಿಗೆ ಇಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋಗುತ್ತಾರೆ. ಶಂಭುಲಿಂಗ ಮೇಷ್ಟ್ರು ಒಂದು ಸಲ ಬಂದು ನೋಡಿ, ಸ್ವಲ್ಪ ಹೊತ್ತು ಕೂತಿದ್ದು ಹೋದರು.

ಹೋದ ತಿಂಗಳು ರಸ್ತೆಯವರು ಬಂದು, ತಿರುವಿನಲ್ಲಿ ಗಾಡಿಗಳಿಗೆ ಅಪಾಯ ಅಂತ ಕಲ್ಲಿನ ಮೂರೂ ತುಂಡಿಗೆ ಹಳದಿ ಕಪ್ಪು ಪಟ್ಟೆ ಬಳಿದು ಹೋದರು. ಮಾರನೇ ದಿನ ಕರೀಮುನ್ನೀಸಾ ಮಂಕರಿ ಇಳಿಸಿಕೊಳ್ಳುವಾಗ ಅದರ ತಳದಿಂದ ಅವಳ ಕೈಗೆಲ್ಲ ಹಳದಿ ಮೆತ್ತಿತು.

"ಇದೇನಕ್ಕಾ, ಬಣ್ಣ?"

"ಒಣಗಿರ್ಲಿಲ್ಲ ಕಣವ್ವ," ಅಂದಳು ದೊಡ್ಡಲಕ್ಷ್ಮಮ್ಮ, ಚೀಲದ ಮೇಲೆ ಕೂತು ಕಾಲು ನೀಡಿಕೊಳ್ಳುತ್ತ. "ಒಸಿ ಸೀಮೆಎಣ್ಣೆ ಇದ್ರೆ ಕೊಡು, ಒರೆಸ್ಕೊಡ್ತೀನಿ."